ಗರ್ಭಿಣಿ ಆರೈಕೆಯ ಕೈಪಿಡಿಗಳು

ಬಸುರಿಯನ್ನು ಹೆರಿಗೆಯವರೆಗೆ ಕ್ರಮವಾಗಿ ತಪಾಸಣೆ ಮಾಡಿ, ತೊಡಕನ್ನು ಮುಂಚಿತವಾಗಿ ಗುರುತಿಸಿ, ಬೇಕಾದಾಗ ಮೇಲಿನ ಆಸ್ಪತ್ರೆಗೆ ಕಳಿಸುವ ಕೆಲಸದಲ್ಲಿ ಶುಶ್ರೂಷಕಿಯರಿಗೆ ಆಧಾರವಾಗುವ ಮಾರ್ಗಸೂಚಿ, ಕಿರುಹೊತ್ತಗೆ, ಗೋಡೆಪಟ, ದಾಖಲೆಪತ್ರ ಮತ್ತು ಮೊಬೈಲ್ ಆ್ಯಪ್‌ಗಳನ್ನು ಈ ಲೇಖನ ಕೈಪಿಡಿ ಎಂಬ ಒಂದೇ ಹೆಸರಿನಲ್ಲಿ ಪರಿಗಣಿಸುತ್ತದೆ. ಪಠ್ಯಪುಸ್ತಕವನ್ನು ಓದುವುದು ಪರೀಕ್ಷೆಗೆ ಮುಂಚೆ. ಕೈಪಿಡಿಯನ್ನು ತೆರೆಯುವುದು ಬಸುರಿ ಎದುರಿಗೆ ಕೂತಿರುವಾಗ. ರಕ್ತದೊತ್ತಡ 160/110 ಬಂದಿದೆ, ತಲೆ ಸಿಡಿಯುತ್ತಿದೆ ಎನ್ನುತ್ತಿದ್ದಾಳೆ, ವೈದ್ಯರು ಇಪ್ಪತ್ತು ಕಿಲೋಮೀಟರ್ ಆಚೆ ಇದ್ದಾರೆ. ಆ ಗಳಿಗೆಯಲ್ಲಿ ಬೇಕಾದ ಪುಟ ಎರಡು ನಿಮಿಷದೊಳಗೆ ಸಿಗಬೇಕು. ಆ ಪುಟ ಹೇಳುವ ಔಷಧಿ ಉಪಕೇಂದ್ರದ ಕಪಾಟಿನಲ್ಲಿ ಇರಬೇಕು, ಅದನ್ನು ಕೊಡುವ ಅಧಿಕಾರ ಆ ನರ್ಸಿಗೆ ಇರಬೇಕು, ಬರೆದದ್ದು ಹಳತಾಗಿರಬಾರದು. ಈ ನಾಲ್ಕರಲ್ಲಿ ಒಂದು ತಪ್ಪಿದರೂ ಎಷ್ಟೇ ಪಾಂಡಿತ್ಯದ ಪುಸ್ತಕವಾದರೂ ಆಕೆಯ ಉಪಯೋಗಕ್ಕೆ ಬರುವುದಿಲ್ಲ.

ಭಾರತದಲ್ಲಿ ಈ ಕೆಲಸದ ದೊಡ್ಡ ಪಾಲು ಎ.ಎನ್.ಎಂ.ಗಳ ಮತ್ತು ಸ್ಟಾಫ್ ನರ್ಸ್‌ಗಳ ಕೈಯಲ್ಲಿದೆ. ಕರ್ನಾಟಕದಲ್ಲಿ ಬಹುಕಾಲ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎನಿಸಿಕೊಂಡಿದ್ದ ಎ.ಎನ್.ಎಂ.ಗೆ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಣಾಧಿಕಾರಿ ಎಂಬ ಪದನಾಮವಿದೆ. ಊರಿನವರ ಬಾಯಲ್ಲಿ ಆಕೆ ಸಿಸ್ಟರ್ ಅಥವಾ ನರ್ಸಮ್ಮ. 2018–20ರ ಮಾದರಿ ನೋಂದಣಿ ಲೆಕ್ಕದಂತೆ ಒಂದು ಲಕ್ಷ ಜೀವಂತ ಜನನಗಳಿಗೆ ತಾಯಂದಿರ ಮರಣ ಭಾರತದಲ್ಲಿ 97, ಕರ್ನಾಟಕದಲ್ಲಿ 69, ಕೇರಳದಲ್ಲಿ 19. ಪಕ್ಕದ ರಾಜ್ಯದೊಡನೆ ಇರುವ ಈ ಅಂತರಕ್ಕೆ ಕಾರಣಗಳು ಹಲವು. ಆದರೆ ತಾಯಂದಿರ ಸಾವಿಗೆ ಕಾರಣವಾಗುವ ರಕ್ತಸ್ರಾವ, ಏರಿದ ರಕ್ತದೊತ್ತಡ, ನಂಜು, ರಕ್ತಹೀನತೆ ಇವುಗಳಲ್ಲಿ ಯಾವುದೂ ಅರಿಯದ ರೋಗವಲ್ಲ. ಏನು ಮಾಡಬೇಕೆಂಬುದು ಕೈಪಿಡಿಗಳಲ್ಲಿ ದಶಕಗಳಿಂದ ಬರೆದಿದೆ.

ಹಿನ್ನೆಲೆ

ಹೆರಿಗೆಯ ಅರಿವು ಪುಸ್ತಕಕ್ಕಿಂತ ಬಹಳ ಹಳೆಯದು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮ ಯಾವ ಕೈಪಿಡಿಯ ನೆರವೂ ಇಲ್ಲದೆ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರು. ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಅವರದು ಅಂಗೈಯಲ್ಲಿದ್ದ ಜ್ಞಾನ. ಆದರೆ ಬಸಿರಿನ ತಿಂಗಳುಗಳುದ್ದಕ್ಕೂ ಆರೋಗ್ಯವಾಗಿರುವ ಹೆಂಗಸನ್ನೂ ಮತ್ತೆ ಮತ್ತೆ ಕರೆದು ಪರೀಕ್ಷಿಸಬೇಕು ಎಂಬ ಯೋಚನೆ ಇತ್ತೀಚಿನದು. ಎಡಿನ್‌ಬರೊದ ವೈದ್ಯ ಜಾನ್ ವಿಲಿಯಂ ಬ್ಯಾಲಂಟೈನ್ 1901ರಲ್ಲಿ ಹೆರಿಗೆಗೆ ಮೊದಲೇ ಬಸುರಿಯರನ್ನು ನೋಡಿಕೊಳ್ಳುವ ಆಸ್ಪತ್ರೆ ಬೇಕೆಂದು ವಾದಿಸಿ ಲೇಖನ ಬರೆದರು. 1929ರಲ್ಲಿ ಬ್ರಿಟನ್ನಿನ ಆರೋಗ್ಯ ಸಚಿವಾಲಯ ಒಂದು ಜ್ಞಾಪನಪತ್ರ ಹೊರಡಿಸಿ ಭೇಟಿಗಳ ಪಟ್ಟಿ ಕೊಟ್ಟಿತು: ಮೊದಲ ಭೇಟಿ 16ನೇ ವಾರ, ಆಮೇಲೆ 24 ಮತ್ತು 28, ಅಲ್ಲಿಂದ 36ರವರೆಗೆ ಹದಿನೈದು ದಿನಕ್ಕೊಮ್ಮೆ, ಕೊನೆಗೆ ವಾರಕ್ಕೊಮ್ಮೆ. ಯಾವ ಪ್ರಯೋಗದ ಬೆಂಬಲವೂ ಇಲ್ಲದೆ ಗೆರೆ ಎಳೆದ ಆ ಪಟ್ಟಿಯ ನೆರಳು ಜಗತ್ತಿನ ಬಹುಪಾಲು ಆಸ್ಪತ್ರೆಗಳ ಮೇಲೆ ಎಪ್ಪತ್ತು ವರ್ಷ ಬಿದ್ದಿತ್ತು.

ಪಠ್ಯಗಳ ಪರಂಪರೆ ಇದರ ಜೊತೆಗೇ ಬೆಳೆಯಿತು. ಮದರಾಸಿನ ಎ. ಲಕ್ಷ್ಮಣಸ್ವಾಮಿ ಮುದಲಿಯಾರರ ಪ್ರಸೂತಿಶಾಸ್ತ್ರದ ಗ್ರಂಥ, ಸೂಲಗಿತ್ತಿ ಶುಶ್ರೂಷಕಿಯರಿಗೆಂದೇ ಮಾರ್ಗರೆಟ್ ಮೈಲ್ಸ್ ಬರೆದ 1953ರ ಪುಸ್ತಕ, 1980ರ ದಶಕದಿಂದ ಭಾರತದ ನರ್ಸಿಂಗ್ ಮತ್ತು ವೈದ್ಯಕೀಯ ವಿದ್ಯಾರ್ಥಿಗಳ ಮೇಜಿನ ಮೇಲಿರುವ ಡಿ.ಸಿ. ದತ್ತ ಅವರ ಪಠ್ಯ, ಇವು ಇಂದಿಗೂ ಪರಿಷ್ಕಾರಗೊಂಡು ಮುದ್ರಣವಾಗುತ್ತಿವೆ. ಕನ್ನಡದ ಓದುಗರಿಗೆ ಅನುಪಮಾ ನಿರಂಜನರ ‘ತಾಯಿ-ಮಗು’ ಬೇರೊಂದು ಕೆಲಸ ಮಾಡಿತು. ಅದು ಬರೆದದ್ದು ನರ್ಸಿಗಲ್ಲ, ಬಸುರಿಗೇ. ಶುಶ್ರೂಷಕಿಯರೂ ಅದನ್ನು ಓದಬೇಕು. ಶಾಸ್ತ್ರದ ವಿಷಯವನ್ನು ಮನೆಮಾತಿನಲ್ಲಿ ಹೇಳುವುದು ಹೇಗೆಂದು ತಿಳಿಯುವುದಕ್ಕಾಗಿ.

ನಿಜವಾದ ತಿರುವು ಬಂದದ್ದು 1979ರಲ್ಲಿ. ಆರ್ಚಿ ಕಾಕ್ರನ್ ಎಂಬ ಬ್ರಿಟಿಷ್ ವೈದ್ಯರು, ಪ್ರಯೋಗದ ಪುರಾವೆಯನ್ನು ಬಳಸುವುದರಲ್ಲಿ ವೈದ್ಯಕೀಯದ ಎಲ್ಲ ಶಾಖೆಗಳಲ್ಲೂ ಪ್ರಸೂತಿಶಾಸ್ತ್ರವೇ ಕೊನೆಯದು ಎಂದು ಬಹಿರಂಗವಾಗಿ ದೂರಿದರು. ಆ ಮಾತು ತಟ್ಟಿತು. ಇಯಾನ್ ಚಾಮರ್ಸ್, ಮರ‍್ರೆ ಎಂಕಿನ್, ಮಾರ್ಕ್ ಕೈರ್ಸೆ ಮೂವರೂ ಬಸಿರು-ಹೆರಿಗೆಯ ಸಾವಿರಾರು ಪ್ರಯೋಗಗಳನ್ನು ಒಂದೆಡೆ ತಂದು ತೂಗಿ, 1989ರಲ್ಲಿ ಎರಡು ದಪ್ಪ ಸಂಪುಟಗಳನ್ನು ಹೊರತಂದರು. ಪ್ರಯೋಜನವಿರುವ ಕ್ರಮಗಳು, ಹಾನಿ ಮಾಡುವ ಕ್ರಮಗಳು ಯಾವುವೆಂದು ಅದರಲ್ಲಿ ಪಟ್ಟಿ ಮಾಡಿದ್ದರು. 1993ರಲ್ಲಿ ಹುಟ್ಟಿದ ಕಾಕ್ರನ್ ಕೂಟಕ್ಕೆ ಇದೇ ಬೇರು. ಆ ಕೂಟದ ಲಾಂಛನದಲ್ಲಿರುವ ಅಡ್ಡಗೆರೆಗಳು ಅಲಂಕಾರವಲ್ಲ. ದಿನ ತುಂಬದೆ ನೋವು ಬಂದ ಬಸುರಿಗೆ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟ ಪ್ರಯೋಗಗಳ ಫಲಿತಾಂಶವನ್ನು ಅವು ಸೂಚಿಸುತ್ತವೆ. ಅಂಥ ಮೊದಲ ಪ್ರಯೋಗ 1972ರಲ್ಲೇ ಪ್ರಕಟವಾಗಿದ್ದರೂ ಆ ಮದ್ದು ಎಲ್ಲೆಡೆ ಬಳಕೆಗೆ ಬರಲು ಇಪ್ಪತ್ತು ವರ್ಷ ಹಿಡಿಯಿತು. ಪುರಾವೆಯನ್ನು ಆಧರಿಸಿದ ವೈದ್ಯಕೀಯ ಎಂದು ಇಂದು ಎಲ್ಲ ಶಾಖೆಗಳೂ ಹೇಳಿಕೊಳ್ಳುವ ಪದ್ಧತಿ ಬಸುರಿಯ ಆರೈಕೆಯಿಂದ ಮೇಲೆದ್ದದ್ದು ಎಂಬುದನ್ನು ಶುಶ್ರೂಷಕಿಯರು ಹೆಮ್ಮೆಯಿಂದ ನೆನೆಯಬಹುದು.

ವಿಶ್ವ ಆರೋಗ್ಯ ಸಂಸ್ಥೆಯ ಮೂರು ಹೊತ್ತಗೆಗಳು

ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಟಣೆಗಳಲ್ಲಿ ಮೂರನ್ನು ಬೇರ್ಪಡಿಸಿ ತಿಳಿಯಬೇಕು, ಏಕೆಂದರೆ ಮೂರರ ಉದ್ದೇಶವೂ ಬೇರೆ. ಮೊದಲನೆಯದು ಬಸಿರು, ಹೆರಿಗೆ, ಬಾಣಂತನ ಮತ್ತು ನವಜಾತ ಶಿಶುವಿನ ಆರೈಕೆಯ ಅಗತ್ಯ ಕ್ರಮಗಳ ಕೈಪಿಡಿ. 2003ರಲ್ಲಿ ಬಂತು, ಮೂರನೇ ಆವೃತ್ತಿ 2015ರದು. ಇದರ ಜೋಡಣೆ ಶುಶ್ರೂಷಕಿಯ ಕೈಗಳ ಚಲನೆಯನ್ನೇ ಅನುಸರಿಸುತ್ತದೆ. ಪುಟದ ಎಡಗಡೆ ಕೇಳಬೇಕಾದ ಪ್ರಶ್ನೆ, ಅದರ ಪಕ್ಕ ನೋಡಬೇಕಾದ, ಆಲಿಸಬೇಕಾದ, ಮುಟ್ಟಿ ತಿಳಿಯಬೇಕಾದ ಸಂಗತಿ, ಆಮೇಲೆ ಕಂಡ ಲಕ್ಷಣ, ಅದಕ್ಕೊಂದು ವರ್ಗೀಕರಣ, ಬಲತುದಿಯಲ್ಲಿ ಚಿಕಿತ್ಸೆ ಮತ್ತು ಸಲಹೆ. ಕೆಂಪು ಬಣ್ಣದ ಚೌಕವೆಂದರೆ ತುರ್ತು. ಹಳದಿಯೆಂದರೆ ಗಮನ ಬೇಕು. ಹಸಿರೆಂದರೆ ಎಂದಿನಂತೆ ಆರೈಕೆ. ಗಾಬರಿಯಲ್ಲಿರುವಾಗ ಅಕ್ಷರಕ್ಕಿಂತ ಮೊದಲು ಬಣ್ಣ ಕಣ್ಣಿಗೆ ಬೀಳುತ್ತದೆ ಎಂಬುದನ್ನು ಅರಿತವರು ರೂಪಿಸಿದ ಪುಟಗಳಿವು.

ಎರಡನೆಯದು ಬಸಿರು ಮತ್ತು ಹೆರಿಗೆಯ ತೊಡಕುಗಳ ನಿರ್ವಹಣೆಯ ಕೈಪಿಡಿ, ಸೂಲಗಿತ್ತಿಯರಿಗೂ ವೈದ್ಯರಿಗೂ ಸೇರಿದ್ದು. 2000ದಲ್ಲಿ ಪ್ರಕಟವಾಗಿ 2017ರಲ್ಲಿ ಪರಿಷ್ಕಾರಗೊಂಡಿತು. ಇದರ ಅಧ್ಯಾಯಗಳ ಶೀರ್ಷಿಕೆಗಳು ರೋಗಗಳ ಹೆಸರುಗಳಲ್ಲ, ಲಕ್ಷಣಗಳು. ಬಸಿರಿನ ಆರಂಭದಲ್ಲಿ ರಕ್ತ ಹೋಗುವುದು, ಕೊನೆಯ ತಿಂಗಳುಗಳಲ್ಲಿ ರಕ್ತ ಹೋಗುವುದು, ತಲೆನೋವು ಮತ್ತು ಮಂಜುಗಣ್ಣು, ಜ್ವರ, ಹೊಟ್ಟೆನೋವು, ಕೂಸಿನ ಚಲನೆ ನಿಂತಿರುವುದು, ಹೀಗೆ. ಬಸುರಿ ಬಂದು ಹೇಳುವುದು ಇವನ್ನೇ. ರೋಗದ ಹೆಸರನ್ನು ಆಕೆ ತರುವುದಿಲ್ಲ. ಹೆಸರು ಗೊತ್ತಿದ್ದರೆ ಮಾತ್ರ ಪುಟ ಸಿಗುವಂತಹ ಪುಸ್ತಕ ವೈದ್ಯ ವಿದ್ಯಾರ್ಥಿಗೆ ಸರಿ, ರಾತ್ರಿ ಪಾಳಿಯ ನರ್ಸಿಗೆ ಅಲ್ಲ. ಹೊಸ ಕೈಪಿಡಿಯೊಂದನ್ನು ಕೈಗೆತ್ತಿಕೊಂಡವರು ಮೊದಲು ವಿಷಯಸೂಚಿಯನ್ನು ಈ ಕಣ್ಣಿನಿಂದ ನೋಡುವುದು ಒಳ್ಳೆಯದು.

ಮೂರನೆಯದು 2016ರ ಪ್ರಸವಪೂರ್ವ ಆರೈಕೆಯ ಶಿಫಾರಸುಗಳು. ಅದರಲ್ಲಿ 49 ಶಿಫಾರಸುಗಳಿವೆ. ಪೋಷಣೆ, ತಾಯಿ-ಕೂಸಿನ ತಪಾಸಣೆ, ಮುನ್ನೆಚ್ಚರಿಕೆ, ವಾಕರಿಕೆ ಎದೆಯುರಿಗಳಂಥ ಸಾಮಾನ್ಯ ತೊಂದರೆ, ಆರೋಗ್ಯ ವ್ಯವಸ್ಥೆ ಎಂದು ಐದು ಗುಂಪು. ಇದು ನಿತ್ಯ ತೆರೆಯುವ ಹೊತ್ತಗೆಯಲ್ಲ. ನಿತ್ಯದ ಹೊತ್ತಗೆಗಳನ್ನು ಬರೆಯುವವರು ಆಧರಿಸುವ ಗ್ರಂಥ. ಆದರೂ ಇದರ ಒಂದು ಗುಣವನ್ನು ಎಲ್ಲರೂ ಗಮನಿಸಬೇಕು: ಮಾಡಬೇಕಾದದ್ದನ್ನು ಹೇಳುವಷ್ಟೇ ಸ್ಪಷ್ಟವಾಗಿ ಮಾಡಬೇಕಿಲ್ಲದ್ದನ್ನೂ ಹೇಳುತ್ತದೆ. ಎಲ್ಲ ಬಸುರಿಯರಿಗೂ ವಾಡಿಕೆಯಂತೆ ಕೂಸಿನ ಹೃದಯಬಡಿತದ ಯಂತ್ರಪಟ ತೆಗೆಯುವುದು, ಡಾಪ್ಲರ್ ಪರೀಕ್ಷೆ ಮಾಡುವುದು ಶಿಫಾರಸಿಲ್ಲ. 24 ವಾರಕ್ಕೆ ಮೊದಲು ಒಂದು ಸ್ಕ್ಯಾನ್ ಸಾಕು.

ಭೇಟಿಗಳ ಸಂಖ್ಯೆಯ ಕಥೆಯೂ ಇಲ್ಲಿದೆ. ಅರ್ಜೆಂಟೀನಾ, ಕ್ಯೂಬಾ, ಸೌದಿ ಅರೇಬಿಯಾ, ಥಾಯ್ಲೆಂಡ್‌ಗಳಲ್ಲಿ ಸುಮಾರು 24 ಸಾವಿರ ಬಸುರಿಯರ ಮೇಲೆ ನಡೆದ ಪ್ರಯೋಗದ ಫಲ 2001ರಲ್ಲಿ ಬಂದಾಗ, ಅರ್ಥಪೂರ್ಣವಾದ ನಾಲ್ಕು ಭೇಟಿಗಳು ಸಾಕೆಂದು ತೋರಿತು. ಮುಂದೆ ದತ್ತಾಂಶವನ್ನು ಮತ್ತೆ ಪರಿಶೀಲಿಸಿದಾಗ ಬಡ ಹಾಗೂ ಮಧ್ಯಮ ಆದಾಯದ ದೇಶಗಳಲ್ಲಿ ಕಡಿಮೆ ಭೇಟಿಯಿಂದ ಕೂಸಿನ ಸಾವು ತುಸು ಹೆಚ್ಚಿದ್ದು ಕಂಡುಬಂತು. ಹಾಗಾಗಿ 2016ರಲ್ಲಿ ಸಂಖ್ಯೆ ಎಂಟಕ್ಕೇರಿತು: ಮೊದಲ 12 ವಾರದೊಳಗೆ ಒಂದು, ಆಮೇಲೆ 20, 26, 30, 34, 36, 38 ಮತ್ತು 40ನೇ ವಾರ. ಭೇಟಿ ಎಂಬ ಮಾತನ್ನು ಬಿಟ್ಟು ಸಂಪರ್ಕ ಎಂಬ ಮಾತನ್ನು ಆಯ್ದದ್ದೂ ಬೇಕೆಂದೇ. ಬಂದು ಸರತಿಯಲ್ಲಿ ನಿಂತು ಹೋದರೆ ಭೇಟಿಯಾಗುತ್ತದೆ. ಆಕೆಯೊಡನೆ ಮಾತಾಡಿದರೆ ಮಾತ್ರ ಸಂಪರ್ಕ.

ಭಾರತದ ಮಾರ್ಗಸೂಚಿಗಳು

ಭಾರತದ ಶುಶ್ರೂಷಕಿಗೆ ಮೊದಲ ಆಕರ ಇವಾವುದೂ ಅಲ್ಲ. ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯದ ತಾಯಿ ಆರೋಗ್ಯ ವಿಭಾಗ 2010ರಲ್ಲಿ ಹೊರತಂದ, ಎ.ಎನ್.ಎಂ., ಮಹಿಳಾ ಆರೋಗ್ಯ ಸಂದರ್ಶಕಿ ಮತ್ತು ಸ್ಟಾಫ್ ನರ್ಸ್‌ಗಳಿಗಾಗಿ ಬರೆದ ಪ್ರಸವಪೂರ್ವ ಆರೈಕೆ ಹಾಗೂ ಕುಶಲ ಹೆರಿಗೆಯ ಮಾರ್ಗಸೂಚಿಯೇ ಮೂಲ. ಇದರ ಜೊತೆಗೆ ಅದೇ ವರ್ಷದ ತರಬೇತಿ ಕೈಪಿಡಿಯೂ ಇದೆ. ಕನಿಷ್ಠ ನಾಲ್ಕು ಭೇಟಿಗಳನ್ನು ಇದು ಹೇಳುತ್ತದೆ: 12 ವಾರದೊಳಗೆ, 14ರಿಂದ 26, 28ರಿಂದ 34, ಮತ್ತು 36 ವಾರದಿಂದ ದಿನ ತುಂಬುವವರೆಗೆ. ಕೊನೆಯ ಮುಟ್ಟಿನ ದಿನ ನೆನಪಿಲ್ಲದ ಬಸುರಿಗೆ ಹಬ್ಬಹರಿದಿನಗಳ ನೆನಪು ಮಾಡಿಸಿ ದಿನ ಹಿಡಿಯಬೇಕೆಂಬ ಸೂಚನೆ ನಮ್ಮ ಮಣ್ಣಿನ ಅನುಭವದಿಂದ ಬಂದದ್ದು. ಯುಗಾದಿಯ ದಿನ ಮುಟ್ಟಾಗಿದ್ದೆ, ಆಮೇಲೆ ಆಗಿಲ್ಲ ಎಂದಳೆನ್ನಿ. 2023ರ ಯುಗಾದಿ ಮಾರ್ಚ್ 22. ಒಂಬತ್ತು ತಿಂಗಳು ಏಳು ದಿನ ಸೇರಿಸುವ ನೇಗಲೆ ನಿಯಮದಂತೆ ಅಂದಾಜು ಹೆರಿಗೆ ದಿನ ಡಿಸೆಂಬರ್ 29. 280 ದಿನ ಎಣಿಸುವ ಬಸಿರಿನ ಚಕ್ರ ಡಿಸೆಂಬರ್ 27 ತೋರಿಸುತ್ತದೆ. ಎರಡು ದಿನದ ಈ ವ್ಯತ್ಯಾಸಕ್ಕೆ ಹೊಸ ನರ್ಸ್‌ಗಳು ಗಾಬರಿಯಾಗುವುದುಂಟು. ಲೆಕ್ಕ ಎರಡೂ ಸರಿ. ತಿಂಗಳುಗಳ ಉದ್ದ ಒಂದೇ ಅಲ್ಲ.

2010ರ ಪುಸ್ತಕವೊಂದನ್ನೇ ನೆಚ್ಚಿ ಕೂರುವಂತಿಲ್ಲ, ಏಕೆಂದರೆ ಆಮೇಲಿನ ಬದಲಾವಣೆಗಳು ಬಿಡಿ ಬಿಡಿ ಹೊತ್ತಗೆಗಳಾಗಿ ಬಂದಿವೆ. ಕ್ಯಾಲ್ಸಿಯಂ, ಜಂತುನಾಶಕ, ಥೈರಾಯ್ಡ್ ತಪಾಸಣೆ, ಅವಧಿಪೂರ್ವ ಹೆರಿಗೆಯ ಸ್ಟೀರಾಯ್ಡ್ ಇವುಗಳ ಸೂಚನೆಗಳು 2014ರ ಆಸುಪಾಸಿನವು. ಬಸುರಿಯರ ಸಕ್ಕರೆ ಕಾಯಿಲೆಯ ಮಾರ್ಗಸೂಚಿ 2014ರಲ್ಲಿ ಬಂದು 2018ರಲ್ಲಿ ಪರಿಷ್ಕಾರಗೊಂಡಿತು. ರಕ್ತಹೀನತೆಯದು 2018ರ ಅನೀಮಿಯಾ ಮುಕ್ತ ಭಾರತದಲ್ಲಿದೆ. ಪ್ರತಿ ತಿಂಗಳ 9ನೇ ತಾರೀಕು ವೈದ್ಯರಿಂದ ತಪಾಸಣೆ ನಡೆಯುವ ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನ 2016ರದು. ಅದರ ಪುಸ್ತಕದಲ್ಲಿರುವ ಬಣ್ಣದ ಚೀಟಿಗಳ ಕ್ರಮ ನರ್ಸ್‌ಗಳಿಗೆ ಬಾಯಿಪಾಠ: ಹಸಿರು ಅಪಾಯವಿಲ್ಲದ ಬಸಿರಿಗೆ, ಕೆಂಪು ಹೆಚ್ಚಿನ ಅಪಾಯಕ್ಕೆ, ನೀಲಿ ಬಸಿರಿನಿಂದ ಬಂದ ಬಿ.ಪಿ.ಗೆ, ಹಳದಿ ಸಕ್ಕರೆ, ಥೈರಾಯ್ಡ್‌ನಂಥ ಜೊತೆಕಾಯಿಲೆಗೆ. ವಿಶ್ವ ಆರೋಗ್ಯ ಸಂಸ್ಥೆಯ ಹಳದಿಗೂ ಈ ಹಳದಿಗೂ ಅರ್ಥ ಬೇರೆ ಎಂಬುದನ್ನು ತರಬೇತಿಯಲ್ಲಿ ಒತ್ತಿ ಹೇಳಬೇಕು.

ಇವೆಲ್ಲ ಚದುರಿರುವುದು ದೊಡ್ಡ ತೊಂದರೆ. ರಾಷ್ಟ್ರೀಯ ಆರೋಗ್ಯ ಅಭಿಯಾನದ ಜಾಲತಾಣದಲ್ಲಿ ಬಹುಪಾಲು ಉಚಿತವಾಗಿ ಸಿಗುತ್ತವೆ, ಆದರೆ ಯಾವ ಹೊತ್ತಗೆಯ ಯಾವ ಪುಟವನ್ನು ಯಾವ ಸುತ್ತೋಲೆ ಬದಲಿಸಿತು ಎಂಬುದನ್ನು ಓದುವವರೇ ಕೂಡಿಸಿಕೊಳ್ಳಬೇಕು. ಅನುಭವಿ ನರ್ಸ್‌ಗಳು ಹಿಡಿದಿರುವ ಉಪಾಯ ಸರಳವಾದದ್ದು: ಒಂದು ದಪ್ಪ ನೋಟ್‌ಬುಕ್ಕಿನಲ್ಲಿ ವಿಷಯಕ್ಕೊಂದು ಪುಟ, ಹೊಸ ಸುತ್ತೋಲೆ ಬಂದಾಗ ಹಳೆಯ ಪ್ರಮಾಣಕ್ಕೆ ಅಡ್ಡಗೆರೆ, ಪಕ್ಕದಲ್ಲಿ ಹೊಸ ಪ್ರಮಾಣ ಮತ್ತು ತಾರೀಕು. ಯಾವ ಮುದ್ರಿತ ಕೈಪಿಡಿಗಿಂತಲೂ ಆ ನೋಟ್‌ಬುಕ್ ಹೆಚ್ಚು ನಂಬಿಕೆಗೆ ಅರ್ಹವಾದ ಸಂದರ್ಭಗಳಿವೆ. ತರಬೇತಿ ನಡೆಸುವ ಬೆಂಗಳೂರಿನ ರಾಜ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಂಸ್ಥೆ, ಜಿಲ್ಲಾ ತರಬೇತಿ ಕೇಂದ್ರಗಳು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ, ಇವರಲ್ಲಿ ಒಬ್ಬರನ್ನು ವಿಚಾರಿಸಿ ಚಾಲ್ತಿಯಲ್ಲಿರುವ ಆವೃತ್ತಿಯನ್ನು ಖಚಿತಪಡಿಸಿಕೊಳ್ಳುವುದು ವಾಡಿಕೆ.

ಎಲ್ಲಕ್ಕಿಂತ ಹೆಚ್ಚು ಬಳಕೆಯಲ್ಲಿರುವ ಕೈಪಿಡಿಯನ್ನು ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. ಅದು ತಾಯಿ ಕಾರ್ಡ್. ಬಸುರಿಯೇ ತನ್ನ ಚೀಲದಲ್ಲಿ ಇಟ್ಟುಕೊಂಡು ತಿರುಗುವ ಈ ದಾಖಲೆಯಲ್ಲಿ ಆಕೆಯ ತೂಕ, ಬಿ.ಪಿ., ಹಿಮೋಗ್ಲೋಬಿನ್, ಗರ್ಭಾಶಯದ ಎತ್ತರ ಬರೆಯುವ ಖಾಲಿ ಮನೆಗಳಿವೆ. ಖಾಲಿ ಮನೆಯೇ ನರ್ಸಿಗೆ ಏನು ಅಳೆಯಬೇಕೆಂದು ನೆನಪಿಸುತ್ತದೆ. ಅಪಾಯದ ಚಿಹ್ನೆಗಳು ಚಿತ್ರಸಹಿತ ಕನ್ನಡದಲ್ಲಿರುವುದರಿಂದ ಓದುಬಾರದ ಅತ್ತೆಗೂ ಅದನ್ನು ತೋರಿಸಿ ಹೇಳಬಹುದು. ತವರಿಗೆ ಹೆರಿಗೆಗೆ ಹೋಗುವ ನಮ್ಮ ಸಂಪ್ರದಾಯದಲ್ಲಿ ಗಂಡನ ಊರಿನ ಸಿಸ್ಟರ್ ಬರೆದದ್ದನ್ನು ತವರೂರಿನ ಸಿಸ್ಟರ್ ಓದಿ ಮುಂದುವರಿಸಲು ಇರುವ ಕೊಂಡಿ ಇದೊಂದೇ.

ಮಾರ್ಗಸೂಚಿಗಳು ಏಕೆ ಒಂದೇ ಮಾತು ಹೇಳುವುದಿಲ್ಲ

ಎರಡು ಮೂರು ಆಕರಗಳನ್ನು ಎದುರಿಗಿಟ್ಟುಕೊಂಡವರಿಗೆ ಗೊಂದಲ ಹುಟ್ಟುವುದು ಸಹಜ. ಭಾರತದ 2010ರ ಮಾರ್ಗಸೂಚಿಯಂತೆ ಗರ್ಭಾಶಯ ಹೊಕ್ಕುಳ ಮಟ್ಟಕ್ಕೆ ಬರುವುದು 24ನೇ ವಾರ. ಅಮೆರಿಕದ ಪುಸ್ತಕಗಳಲ್ಲಿ 20. ಕೂಸಿನ ಹೃದಯ ನಿಮಿಷಕ್ಕೆ 120ರಿಂದ 160 ಬಡಿಯಬೇಕೆಂದು ನಮ್ಮ ಪುಸ್ತಕ ಹೇಳಿದರೆ ಬ್ರಿಟನ್ನಿನದು 110ರಿಂದ 160 ಎನ್ನುತ್ತದೆ. ಕ್ಯಾಲ್ಸಿಯಂ ದಿನಕ್ಕೆ ಒಂದೂವರೆಯಿಂದ ಎರಡು ಗ್ರಾಂ ಎಂದು ವಿಶ್ವ ಆರೋಗ್ಯ ಸಂಸ್ಥೆ. ಒಂದು ಗ್ರಾಂ, ಎರಡು ಸಲಕ್ಕೆ ಹಂಚಿ, ಎಂದು ಭಾರತ. ಬ್ರಿಟನ್ನಿನ ನೈಸ್ ಸಂಸ್ಥೆಯ 2021ರ ಮಾರ್ಗಸೂಚಿ ಚೊಚ್ಚಲ ಬಸುರಿಗೆ 10, ಮುಂದಿನವರಿಗೆ 7 ಭೇಟಿ ಹೇಳುತ್ತದೆ. ಹೊರದೇಶದಲ್ಲಿ ದುಡಿಯುವ ಕರ್ನಾಟಕದ ನರ್ಸ್‌ಗಳು ಈ ವ್ಯತ್ಯಾಸಗಳನ್ನು ಮೊದಲ ವಾರದಲ್ಲೇ ಎದುರಿಸುತ್ತಾರೆ. ಕಲಿತದ್ದು ಒಂದು, ಅಲ್ಲಿನ ವಾರ್ಡಿನ ಗೋಡೆಯ ಮೇಲಿರುವುದು ಇನ್ನೊಂದು.

ಇವೆಲ್ಲ ಅಜಾಗರೂಕತೆಯ ಫಲವಲ್ಲ. ಸಕ್ಕರೆ ತಪಾಸಣೆಯ ಉದಾಹರಣೆ ಇದನ್ನು ಚೆನ್ನಾಗಿ ತೋರಿಸುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2013ರ ಮಾನದಂಡದಲ್ಲಿ ಬರಿಹೊಟ್ಟೆಯಲ್ಲಿ 92, ಗ್ಲೂಕೋಸ್ ಕುಡಿದ ಒಂದು ಗಂಟೆಗೆ 180, ಎರಡು ಗಂಟೆಗೆ 153 ಮಿಲಿಗ್ರಾಂ ಎಂಬ ಮೂರು ಗಡಿಗಳಿವೆ. ಭಾರತದ ಕ್ರಮದಲ್ಲಿ ಬಸುರಿ ಊಟ ಮಾಡಿದ್ದರೂ ಬಿಟ್ಟಿದ್ದರೂ ಸರಿ, 75 ಗ್ರಾಂ ಗ್ಲೂಕೋಸ್ ನೀರಿನಲ್ಲಿ ಕದಡಿ ಕುಡಿಸಿ ಎರಡು ಗಂಟೆಯ ಮೇಲೆ ಒಮ್ಮೆ ನೋಡಿದರೆ ಸಾಕು. 140 ಅಥವಾ ಹೆಚ್ಚಿದ್ದರೆ ಕಾಯಿಲೆ ಇದೆ. ಮೊದಲ ಭೇಟಿಯಲ್ಲೊಮ್ಮೆ, 24ರಿಂದ 28ನೇ ವಾರದಲ್ಲಿ ಮತ್ತೊಮ್ಮೆ. ಚೆನ್ನೈನ ವೈದ್ಯ ವಿ. ಶೇಷಯ್ಯನವರೂ ಅವರ ಸಂಗಡಿಗರೂ ಈ ಒಂದೇ ಹೆಜ್ಜೆಯ ಪರೀಕ್ಷೆಗಾಗಿ ವರ್ಷಗಟ್ಟಲೆ ವಾದಿಸಿದರು. ಅವರ ಕಾರಣ ಕಣ್ಣಿಗೆ ಕಾಣುವಂಥದ್ದು: ನಸುಕಿನಲ್ಲೆದ್ದು ಮನೆಗೆಲಸ ಮುಗಿಸಿ, ಬಸ್ ಹಿಡಿದು ಬರುವ ಬಸುರಿಗೆ ನಾಳೆ ಬರಿಹೊಟ್ಟೆಯಲ್ಲಿ ಬಾ ಎಂದರೆ ಆಕೆ ಬರುವುದೇ ಇಲ್ಲ. ಬರದವಳ ಮೇಲೆ ಮಾಡಲಾಗದ ನಿಖರ ಪರೀಕ್ಷೆಗಿಂತ ಬಂದವಳ ಮೇಲೆ ಮಾಡಿ ಮುಗಿಸುವ ಪರೀಕ್ಷೆ ಮೇಲು ಎಂಬ ತೀರ್ಮಾನ ಆ ಸಂಖ್ಯೆಯ ಹಿಂದಿದೆ. ಈ ಲೇಖಕರಿಗೆ ಅದು ಸರಿಯೆನಿಸುತ್ತದೆ. ಆದ್ದರಿಂದ ಸಂಖ್ಯೆ ಬೇರೆಯಾದಾಗ ಕೆಲಸ ಮಾಡುವ ದೇಶದ ಚಾಲ್ತಿ ಮಾರ್ಗಸೂಚಿಯನ್ನೇ ಅನುಸರಿಸಬೇಕು, ಒಂದರ ಗಡಿಯನ್ನು ಇನ್ನೊಂದರ ವಿಧಾನಕ್ಕೆ ಬೆರೆಸಬಾರದು.

ಯಾರ ಕೈಗೆ ಬರೆದದ್ದು

ಮಾರ್ಗಸೂಚಿಗಳನ್ನು ಬೆರೆಸುವ ಅಪಾಯ ಅತಿ ಹೆಚ್ಚಿರುವುದು ಫಿಟ್ಸ್ ಬಂದ ಬಸುರಿಯ ಚಿಕಿತ್ಸೆಯಲ್ಲಿ. ಮೆಗ್ನೀಸಿಯಂ ಸಲ್ಫೇಟ್ ಮದ್ದು ಎಕ್ಲಾಂಪ್ಸಿಯಾ ಎಂಬ ಈ ಫಿಟ್ಸ್‌ಗೆ ಶ್ರೇಷ್ಠವೆಂದು 1995ರ ಅಂತಾರಾಷ್ಟ್ರೀಯ ಪ್ರಯೋಗ ಸ್ಥಾಪಿಸಿತು. 33 ದೇಶಗಳಲ್ಲಿ ಸುಮಾರು ಹತ್ತು ಸಾವಿರ ಹೆಂಗಸರು ಪಾಲ್ಗೊಂಡ 2002ರ ಮ್ಯಾಗ್‌ಪೈ ಪ್ರಯೋಗ, ಅದರ ಪೂರ್ವಸ್ಥಿತಿಯಲ್ಲೇ ಕೊಟ್ಟರೆ ಫಿಟ್ಸ್‌ನ ಅಪಾಯ ಅರ್ಧಕ್ಕಿಳಿಯುತ್ತದೆ ಎಂದು ತೋರಿಸಿತು. ಆಸ್ಪತ್ರೆಯ ವೈದ್ಯರ ಪುಸ್ತಕಗಳಲ್ಲಿ ಇದರ ಮೊದಲ ಪ್ರಮಾಣದ ಒಂದು ಭಾಗ ರಕ್ತನಾಳಕ್ಕೆ ಹೋಗುತ್ತದೆ. ಎ.ಎನ್.ಎಂ. ಮಾರ್ಗಸೂಚಿಯಲ್ಲಿ ಹಾಗಿಲ್ಲ. ಒಂದೊಂದು ಪೃಷ್ಠಕ್ಕೆ 5 ಗ್ರಾಂನಂತೆ ಒಟ್ಟು 10 ಗ್ರಾಂ, ಸ್ನಾಯುವಿನೊಳಗೆ ಆಳವಾಗಿ, ಒಂದೇ ಸಲ. ಆಮೇಲೆ ತಡಮಾಡದೆ ದೊಡ್ಡಾಸ್ಪತ್ರೆಗೆ. ರಕ್ತನಾಳದಲ್ಲಿ ವೇಗವಾಗಿ ಹೋದರೆ ಉಸಿರು ನಿಲ್ಲಬಹುದಾದ ಮದ್ದನ್ನು ಒಬ್ಬಳೇ ಇರುವ ನರ್ಸ್ ಸುರಕ್ಷಿತವಾಗಿ ಕೊಡಲು ಆಗುವಂತೆ ಆ ಕ್ರಮವನ್ನು ಗೊತ್ತುಮಾಡಿದ್ದಾರೆ. ವೈದ್ಯರ ಪುಸ್ತಕ ತಪ್ಪಲ್ಲ, ಅದು ಬೇರೆಯವರ ಕೈಗೆ ಬರೆದದ್ದು. ಮುಖಪುಟದಲ್ಲಿ ಅಥವಾ ಮುನ್ನುಡಿಯಲ್ಲಿ ಯಾರಿಗಾಗಿ ಎಂದು ಬರೆದಿರುವ ಸಾಲನ್ನು ಓದದೆ ಮುಂದೆ ಹೋಗಬಾರದು. 18 ತಿಂಗಳ ಹೆಚ್ಚಿನ ತರಬೇತಿ ಪಡೆಯುವ ನರ್ಸ್ ಪ್ರಾಕ್ಟೀಷನರ್ ಸೂಲಗಿತ್ತಿಯರ ಹೊಸ ವರ್ಗವನ್ನು ಭಾರತ 2018ರ ಮಾರ್ಗಸೂಚಿಯಲ್ಲಿ ರೂಪಿಸಿದ ಮೇಲೆ ಈ ಗಡಿಗಳು ಇನ್ನಷ್ಟು ಸೂಕ್ಷ್ಮವಾಗಿವೆ.

ಹಳತಾದ ಪುಟ

ಕಬ್ಬಿಣಾಂಶದ ಮಾತ್ರೆಯಲ್ಲಿ 2013ರ ಕಾರ್ಯಕ್ರಮದಂತೆ 100 ಮಿಲಿಗ್ರಾಂ ಕಬ್ಬಿಣವಿತ್ತು. 2018ರಿಂದ 60 ಮಿಲಿಗ್ರಾಂ, ಜೊತೆಗೆ 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ, ನಾಲ್ಕನೇ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ. ಹಿಮೋಗ್ಲೋಬಿನ್ 7ರಿಂದ 10.9ರ ನಡುವಿದ್ದರೆ ದಿನಕ್ಕೆರಡು. 5ಕ್ಕಿಂತ ಕೆಳಗಿದ್ದರೆ ಎಷ್ಟೇ ತಿಂಗಳಾಗಿರಲಿ ಕೂಡಲೇ ಆಸ್ಪತ್ರೆಗೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ದೇಶದ ಬಸುರಿಯರಲ್ಲಿ ನೂರಕ್ಕೆ 52.2ರಷ್ಟು ರಕ್ತಹೀನರಾಗಿದ್ದುದರಿಂದ ಈ ಪುಟವನ್ನು ದಿನವೂ ತೆರೆಯಬೇಕಾಗುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನು ಇದರ ಜೊತೆಗೇ ನುಂಗಿದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತುವುದಿಲ್ಲ, ನಡುವೆ ಎರಡು ಗಂಟೆ ಬೇಕು ಎಂಬುದು ಬೇರೊಂದು ಹೊತ್ತಗೆಯ ಬೇರೊಂದು ಪುಟದಲ್ಲಿದೆ. ಧನುರ್ವಾಯು ಲಸಿಕೆಯ ಜಾಗಕ್ಕೆ ಗಂಟಲಮಾರಿಯನ್ನೂ ತಡೆಯುವ ಟಿ.ಡಿ. ಲಸಿಕೆ ಬಂದ ಮೇಲೂ ಟಿ.ಟಿ. ಎಂದೇ ಬರೆದ ಗೋಡೆಪಟಗಳು ಉಳಿದಿವೆ.

ಔಷಧಿಗಳ ಸುರಕ್ಷತೆಯ ಕೋಶಗಳಲ್ಲಿ ಹಳತಾಗುವಿಕೆ ಇನ್ನೂ ಗಂಭೀರ. ಬಸುರಿಯರ ವಾಕರಿಕೆಗೆ ಕೊಟ್ಟ ಥಾಲಿಡೊಮೈಡ್‌ನಿಂದ ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ ದುರಂತ 1961ರಲ್ಲಿ ಬಯಲಾದ ಮೇಲೆ ಜಗತ್ತು ಈ ವಿಷಯಕ್ಕೆ ಎಚ್ಚೆತ್ತಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 1979ರಲ್ಲಿ ಎ, ಬಿ, ಸಿ, ಡಿ, ಎಕ್ಸ್ ಎಂಬ ಐದು ದರ್ಜೆಗಳನ್ನು ಮಾಡಿತು. ಅಕ್ಷರ ನೋಡಿದರೆ ಸಾಕೆಂಬ ಭಾವನೆ ಬೆಳೆದು, ಪುರಾವೆಯ ಕೊರತೆಯನ್ನೂ ಖಚಿತ ಅಪಾಯವನ್ನೂ ಒಂದೇ ಏಣಿಯಲ್ಲಿ ಇಟ್ಟಂತಾಯಿತು. 2014ರ ನಿಯಮದಿಂದ ಆ ಸಂಸ್ಥೆಯೇ ಅಕ್ಷರಗಳನ್ನು ಕೈಬಿಟ್ಟು ವಿವರಣೆಯ ಕ್ರಮಕ್ಕೆ ಬಂತು. ಆದರೂ ಅನೇಕ ಪುಸ್ತಕಗಳು ಅಕ್ಷರಗಳನ್ನೇ ಕಲಿಸುತ್ತಿವೆ. ಹಾಲೂಡಿಸುವ ತಾಯಂದಿರ ಔಷಧಿಗಳಿಗೆ ಅಮೆರಿಕದ ಸರ್ಕಾರಿ ವೈದ್ಯಕೀಯ ಗ್ರಂಥಾಲಯದ ತಾಣದಲ್ಲಿರುವ ಲ್ಯಾಕ್ಟ್‌ಮೆಡ್ ಕೋಶ ಉಚಿತ. ಆಗಾಗ ತಿದ್ದುಪಡಿಯಾಗುತ್ತಿರುವುದರಿಂದ ಮುದ್ರಿತ ಪಟ್ಟಿಗಳಿಗಿಂತ ಅದನ್ನು ನಂಬಬಹುದು.

ಕರ್ನಾಟಕದಿಂದ ಹೋದ ಪುಟಗಳು

ಕರ್ನಾಟಕದ ನರ್ಸ್‌ಗಳು ಕೈಪಿಡಿಗಳನ್ನು ಓದಿದವರು ಮಾತ್ರವಲ್ಲ, ಅವುಗಳಲ್ಲಿ ಏನು ಬರೆಯಬೇಕೆಂಬುದನ್ನು ನಿರ್ಧರಿಸಿದ ಪ್ರಯೋಗಗಳಲ್ಲಿ ದುಡಿದವರು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ ಸುತ್ತಲಿನ ಹಳ್ಳಿಗಳಲ್ಲಿ ನಡೆಸಿದ ಮಿಸೊಪ್ರೊಸ್ಟಾಲ್ ಪ್ರಯೋಗ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 1620 ಹೆಂಗಸರಿಗೆ ಹೆರಿಗೆಯಾದ ಕೂಡಲೇ ಮಾತ್ರೆ ಕೊಟ್ಟವರು ಎ.ಎನ್.ಎಂ.ಗಳು. ಹುಸಿಮಾತ್ರೆ ಪಡೆದವರಲ್ಲಿ ನೂರಕ್ಕೆ 12ರಷ್ಟಿದ್ದ ಅತಿರಕ್ತಸ್ರಾವ ಮದ್ದು ಪಡೆದವರಲ್ಲಿ 6.4ಕ್ಕಿಳಿಯಿತು. ಚುಚ್ಚುಮದ್ದು ತಂಪಾಗಿಡಲು ಫ್ರಿಜ್ ಇಲ್ಲದ ಕಡೆಯೂ ತಾಯಿಯನ್ನು ಉಳಿಸಬಹುದೆಂಬ ಈ ಪುರಾವೆ ಲೋಕದ ಕೈಪಿಡಿಗಳನ್ನು ಸೇರಿತು. ಈ ಉಪಯೋಗಕ್ಕಾಗಿ ಮಿಸೊಪ್ರೊಸ್ಟಾಲ್ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಗೆ ಬಂತು.

ನಿರಾಶೆಯ ಫಲಿತಾಂಶಗಳೂ ಇಷ್ಟೇ ಬೆಲೆಯುಳ್ಳವು. ಬೆಳಗಾವಿಯೂ ಸೇರಿದಂತೆ ಆರು ದೇಶಗಳ ಹಲವು ಕಡೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದೊಡ್ಡಾಸ್ಪತ್ರೆಗಳಲ್ಲಿ ಜೀವ ಉಳಿಸಿದ ಅದೇ ಸ್ಟೀರಾಯ್ಡನ್ನು ಹಳ್ಳಿಗಳ ಮಟ್ಟದಲ್ಲಿ ಹರಡಿದಾಗ ಒಟ್ಟು ಶಿಶುಮರಣ ಇಳಿಯುವ ಬದಲು ಏರಿತು. ಬಸಿರಿನ ವಾರಗಳ ಲೆಕ್ಕ ಖಚಿತವಿಲ್ಲದೆ, ಹುಟ್ಟಿದ ಕೂಸಿಗೆ ಆರೈಕೆಯ ಏರ್ಪಾಡಿಲ್ಲದೆ ಆ ಮದ್ದು ಕೊಡಬಾರದೆಂಬ ಷರತ್ತುಗಳು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸಿಗೆ ಸೇರಿದವು. ಯುಗಾದಿಯ ನೆನಪಿನಿಂದ ದಿನ ಹಿಡಿಯುವ ಕೆಲಸ ಎಷ್ಟು ದೊಡ್ಡದೆಂದು ಇಲ್ಲಿ ಅರಿವಾಗುತ್ತದೆ. ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಆಶಾ ಕಾರ್ಯಕರ್ತೆಯರು ಮತ್ತು ಎ.ಎನ್.ಎಂ.ಗಳು ಮೊಬೈಲ್ ಆ್ಯಪ್ ಹಿಡಿದು ಮನೆಮನೆಯಲ್ಲಿ ಬಿ.ಪಿ. ನೋಡಿದ ಇನ್ನೊಂದು ಪ್ರಯೋಗ, ಪಾಕಿಸ್ತಾನ ಹಾಗೂ ಮೊಜಾಂಬಿಕ್‌ನ ಫಲಿತಾಂಶಗಳೊಡನೆ 2020ರಲ್ಲಿ ಪ್ರಕಟವಾಯಿತು. ಒಟ್ಟಾರೆ ಸಾವುನೋವು ಕಡಿಮೆಯಾಗಲಿಲ್ಲ. ಎಂಟು ಅಥವಾ ಹೆಚ್ಚು ಸಲ ಸಂಪರ್ಕಕ್ಕೆ ಬಂದ ಬಸುರಿಯರ ಸ್ಥಿತಿ ಮಾತ್ರ ಉತ್ತಮವಿತ್ತು. ಮೇಲಿನ ಆಸ್ಪತ್ರೆ, ವಾಹನ, ರಕ್ತ ಇವು ಸಿದ್ಧವಿಲ್ಲದಿದ್ದರೆ ಕೈಯಲ್ಲಿರುವ ಸಲಹೆ ಎಷ್ಟು ಸರಿಯಿದ್ದರೂ ಸಾಲದು.

ತೀರ ಇತ್ತೀಚಿನದು ಕ್ಯಾಲ್ಸಿಯಂ ಮಾತ್ರೆಯದು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ 11 ಸಾವಿರ ಚೊಚ್ಚಲ ಬಸುರಿಯರ ಮೇಲೆ ನಡೆಸಿದ ಪ್ರಯೋಗ, ತಾಂಜಾನಿಯಾದ ಅಷ್ಟೇ ದೊಡ್ಡ ಪ್ರಯೋಗದ ಜೊತೆಗೆ 2024ರ ಜನವರಿಯಲ್ಲಿ ಪ್ರಕಟವಾಯಿತು. ದಿನಕ್ಕೆ 1500 ಮಿಲಿಗ್ರಾಂ ಕೊಟ್ಟಷ್ಟೇ ರಕ್ಷಣೆ ಬಸಿರಿನ ಬಿ.ಪಿ. ತೊಡಕಿನಿಂದ 500 ಮಿಲಿಗ್ರಾಂಗೂ ಸಿಗುತ್ತದೆ ಎಂದು ಎರಡೂ ತೋರಿಸಿದವು. ದಿನಕ್ಕೆ ಮೂರು ದೊಡ್ಡ ಮಾತ್ರೆ ನುಂಗಲಾಗದೆ ಗುಟ್ಟಾಗಿ ಬಿಟ್ಟುಬಿಡುವ ಬಸುರಿಯರನ್ನು ಕಂಡ ಪ್ರತಿ ನರ್ಸಿಗೂ ಇದು ಸಿಹಿಸುದ್ದಿ.

ಮೊಬೈಲ್ ಮತ್ತು ಮಾತು

ಡೆನ್ಮಾರ್ಕಿನ ಮೆಟರ್ನಿಟಿ ಫೌಂಡೇಶನ್ನಿನ ಸೇಫ್ ಡೆಲಿವರಿ ಆ್ಯಪ್ ಚಲನಚಿತ್ರಗಳ ಮೂಲಕ ಕೈಚಳಕ ಕಲಿಸುತ್ತದೆ, ಒಮ್ಮೆ ಇಳಿಸಿಕೊಂಡರೆ ನೆಟ್‌ವರ್ಕ್ ಇಲ್ಲದೆಯೂ ನಡೆಯುತ್ತದೆ. ಭಾರತದ ಅನ್ಮೋಲ್ ಆ್ಯಪ್ ಬಸುರಿಯರ ಲೆಕ್ಕವನ್ನು ಟ್ಯಾಬ್ಲೆಟ್‌ನಲ್ಲಿ ದಾಖಲಿಸುತ್ತದೆ.

ಆದರೆ ಇವೆಲ್ಲ ಹೇಳುವ ಮಾತಿಗೂ ಬಸುರಿ ಆಡುವ ಮಾತಿಗೂ ನಡುವೆ ಇನ್ನೊಂದು ಹೊತ್ತಗೆ ಬೇಕಾಗಿದೆ. ದೃಷ್ಟಿ ಮಸುಕು ಎಂದು ಮಾರ್ಗಸೂಚಿಯಲ್ಲಿದ್ದರೆ ಆಕೆ ಕಣ್ಣಿಗೆ ಕತ್ತಲೆ ಬರ್ತದೆ ಎನ್ನುತ್ತಾಳೆ, ಅದನ್ನು ಸುಸ್ತು ಎಂದು ಬರೆದುಕೊಂಡರೆ ಬಿ.ಪಿ. ನೋಡುವ ಹೊತ್ತು ತಪ್ಪುತ್ತದೆ. ಭ್ರೂಣದ ಚಲನೆ ಕುಂಠಿತ ಎಂಬುದಕ್ಕೆ ಬಯಲುಸೀಮೆಯಲ್ಲಿ ಕೂಸು ಆಡ್ತಾ ಇಲ್ಲ, ಧಾರವಾಡದ ಕಡೆ ಕೂಸು ಹೊರಳಾಡವಲ್ದು. ನೆತ್ತಿನೀರು ಒಡೆದದ್ದನ್ನು ನಾಚಿಕೆಯಿಂದ ಬಟ್ಟೆ ಒದ್ದೆ ಆಗ್ತಿದೆ ಸಿಸ್ಟರ್ ಎಂದಷ್ಟೇ ಹೇಳಿ ಸುಮ್ಮನಾಗುತ್ತಾಳೆ. ಕಲಬುರಗಿಯಲ್ಲಿ ಕಲಿತ ನರ್ಸ್ ಕೊಡಗಿಗೆ ವರ್ಗವಾಗಿ ಬಂದಾಗ ಮೊದಲ ತಿಂಗಳು ಕಲಿಯುವುದು ಈ ಮಾತುಗಳನ್ನೇ, ಕಲಿತದ್ದನ್ನು ಬರೆದಿಡುವುದು ಸುತ್ತೋಲೆಯ ತಾರೀಕು ಬರೆದ ಅದೇ ದಪ್ಪ ನೋಟ್‌ಬುಕ್ಕಿನ ಅಂಚಿನಲ್ಲಿ.